ಆರೋಪಿಯ ಹಾಜರಿ: ಹೇಗ್‌ನಿಂದ ಮಧುಗಿರಿಯವರೆಗೆ



ಅಂತರರಾಷ್ಟ್ರೀಯ ಅಪರಾಧ ಕಾನೂನಿನ ಬಗ್ಗೆ ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಹೋಬಳಿಯ ಗಡಿಯಂಚಿನ ಈ ಊರಿನಲ್ಲಿ ಮಾತನಾಡಲು ಕಾರಣವಿದೆ. ಮಳೆ ಕೈಕೊಟ್ಟ ವರ್ಷ ಮಧುಗಿರಿ, ಪಾವಗಡದ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ, ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಅಂಥ ಮನೆಗೆ ಸಮನ್ಸ್ ಬಂದರೆ ತೆಗೆದುಕೊಳ್ಳುವವರಿಲ್ಲ. ವಾಯಿದೆ ತಪ್ಪುತ್ತದೆ, ವಾರಂಟ್ ಹೊರಡುತ್ತದೆ. ಬಾರದವನು ತಲೆಮರೆಸಿಕೊಂಡವನೋ, ಸುದ್ದಿಯೇ ತಿಳಿಯದವನೋ? ಹೇಗ್ ನಗರದ ನ್ಯಾಯಾಧೀಶರಿಗೂ ಮಧುಗಿರಿಯ ನ್ಯಾಯಾಧೀಶರಿಗೂ ಎದುರಾಗುವ ಪ್ರಶ್ನೆ ಇದೇ. ಆರೋಪಿ ಇಲ್ಲದೆಯೇ ವಿಚಾರಣೆ ನಡೆಸಬೇಕಾಗಿ ಬಂದರೆ, ಅವನು ಬಂದ ದಿನ ಅವನ ಮಾತನ್ನು ಹೊಸದಾಗಿ ಕೇಳಲು ಕಾನೂನು ಅವಕಾಶ ಇಟ್ಟಿರಬೇಕು. ಇಂದು ನಾನು ವಾದಿಸುವುದು ಇಷ್ಟನ್ನೇ.

ಎದುರಿಗಿರುವುದು ಯಾಕೆ ಮುಖ್ಯ

ಸಾಕ್ಷಿಯ ಮಾತಿನಲ್ಲಿ ತಪ್ಪೆಲ್ಲಿದೆ ಎಂಬುದು ಅನೇಕ ವೇಳೆ ಆರೋಪಿಗೊಬ್ಬನಿಗೇ ಗೊತ್ತು. "ಆ ರಾತ್ರಿ ಅಲ್ಲಿ ಕರೆಂಟೇ ಇರಲಿಲ್ಲ" ಎಂದು ಅವನು ವಕೀಲರ ಕಿವಿಯಲ್ಲಿ ಹೇಳಿದರೆ ಪಾಟೀ ಸವಾಲಿನ ದಿಕ್ಕೇ ಬದಲಾದೀತು. ಅದಕ್ಕೇ 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 14ನೇ ವಿಧಿ, ತನ್ನ ಸಮ್ಮುಖದಲ್ಲೇ ವಿಚಾರಣೆ ನಡೆಯಬೇಕೆಂಬುದನ್ನು ಆರೋಪಿಯ ಹಕ್ಕಾಗಿ ಬರೆದಿದೆ. ಭಾರತ 1979ರಲ್ಲಿ ಅದಕ್ಕೆ ಸೇರಿತು. ನಮ್ಮ ದಂಡ ಪ್ರಕ್ರಿಯಾ ಸಂಹಿತೆಯ 273ನೇ ಕಲಮೂ ಸಾಕ್ಷ್ಯವನ್ನು ಆರೋಪಿಯ ಎದುರಿನಲ್ಲಿ, ಅವನಿಗೆ ವಿನಾಯಿತಿ ಇದ್ದರೆ ಅವನ ವಕೀಲರ ಎದುರಿನಲ್ಲಿ, ದಾಖಲಿಸಬೇಕೆಂದಿತ್ತು.

ಈ ಹಕ್ಕಿಗೆ ಹಾಜರಾಗುವ ಕರ್ತವ್ಯವೂ ಅಂಟಿಕೊಂಡಿದೆ. ಅದನ್ನು ಕರ್ನಾಟಕದಷ್ಟು ಸ್ಪಷ್ಟವಾಗಿ ಕಂಡ ರಾಜ್ಯ ಕಡಿಮೆ. ಜಯಲಲಿತಾ ಅವರ ವಿರುದ್ಧದ ಆದಾಯ ಮೀರಿದ ಆಸ್ತಿ ಪ್ರಕರಣದಲ್ಲಿ ಚೆನ್ನೈ ನ್ಯಾಯಾಲಯ ಪ್ರಶ್ನೆಗಳನ್ನು ಅವರ ಮನೆಗೇ ಕಳುಹಿಸಿ ಉತ್ತರ ಪಡೆದಿತ್ತು. 2003ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಆಕ್ಷೇಪಿಸಿ, ಪ್ರಕರಣವನ್ನು ಬೆಂಗಳೂರಿಗೆ ವರ್ಗಾಯಿಸಿತು. ಬರಲಾಗದಷ್ಟು ನಿಜವಾದ ತೊಂದರೆ ಇರುವ ಆರೋಪಿಗೆ ಬರಹದಲ್ಲಿ ಉತ್ತರಿಸುವ ಅವಕಾಶವನ್ನು ಅದೇ ಕೋರ್ಟ್ 2000ದಲ್ಲಿ ಕರ್ನಾಟಕದ ಬಸವರಾಜ ಆರ್. ಪಾಟೀಲ ಪ್ರಕರಣದಲ್ಲಿ ಒಪ್ಪಿತ್ತು. ಆ ರಿಯಾಯಿತಿ ಕಷ್ಟದಲ್ಲಿರುವವರಿಗೆ, ಅಧಿಕಾರದಲ್ಲಿರುವವರಿಗಲ್ಲ. 2011ರ ಅಕ್ಟೋಬರ್‌ನಲ್ಲಿ, ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದಾಗಲೇ, ಜಯಲಲಿತಾ ಬೆಂಗಳೂರಿನ ಪರಪ್ಪನ ಅಗ್ರಹಾರದ ವಿಶೇಷ ನ್ಯಾಯಾಲಯಕ್ಕೆ ಬಂದು ನ್ಯಾಯಾಧೀಶರ ಪ್ರಶ್ನೆಗಳಿಗೆ ಖುದ್ದಾಗಿ ಉತ್ತರಿಸಿದರು. 2014ರ ಸೆಪ್ಟೆಂಬರ್ 27ರ ತೀರ್ಪನ್ನೂ ಅಲ್ಲಿಯೇ ಕೇಳಿದರು.

ಜಗತ್ತು ಕಲಿತದ್ದು

ನ್ಯೂರೆಂಬರ್ಗ್ ನ್ಯಾಯಮಂಡಳಿ 1946ರಲ್ಲಿ ನಾಜಿ ನಾಯಕ ಮಾರ್ಟಿನ್ ಬೋರ್ಮನ್‌ಗೆ ಅವನ ಗೈರುಹಾಜರಿಯಲ್ಲಿ ಗಲ್ಲು ವಿಧಿಸಿತು. ಅವನು 1945ರ ಮೇ ತಿಂಗಳಲ್ಲೇ ಸತ್ತಿದ್ದ. ಬರ್ಲಿನ್‌ನಲ್ಲಿ ಅವನ ಅಸ್ಥಿ ಸಿಕ್ಕಿದ್ದು 1972ರಲ್ಲಿ. ಮುಂದೆ, ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಹುಟ್ಟುಹಾಕಿದ 1998ರ ರೋಮ್ ಶಾಸನ 63ನೇ ವಿಧಿಯಲ್ಲಿ ಆರೋಪಿ ವಿಚಾರಣೆಯಲ್ಲಿ ಹಾಜರಿರತಕ್ಕದ್ದೆಂದು ಕಟ್ಟುನಿಟ್ಟು ಮಾಡಿತು. ಪದೇ ಪದೇ ಗದ್ದಲ ಎಬ್ಬಿಸುವ ಆರೋಪಿಯನ್ನು ಹೊರಗೆ ಕೂರಿಸಬಹುದು. ಆಗಲೂ ಅವನು ಅಲ್ಲಿಂದಲೇ ಕಲಾಪವನ್ನು ನೋಡುವ, ವಕೀಲರಿಗೆ ಸೂಚನೆ ಕೊಡುವ ವ್ಯವಸ್ಥೆ ಇರಬೇಕು. ಉಗಾಂಡದ ಬಂಡುಕೋರ ನಾಯಕ ಜೋಸೆಫ್ ಕೋನಿ ವಿರುದ್ಧದ ಆರೋಪಗಳನ್ನು ಹೇಗ್ ನ್ಯಾಯಾಲಯ 2025ರ ಸೆಪ್ಟೆಂಬರ್‌ನಲ್ಲಿ ಅವನಿಲ್ಲದೆಯೇ ಪರಿಶೀಲಿಸಿತು. ಅದು ಪೂರ್ವಭಾವಿ ಹಂತ ಮಾತ್ರ, ಅವನು ಬಾರದೆ ಅಲ್ಲಿ ವಿಚಾರಣೆ ಆರಂಭವಾಗದು.

ಲೆಬನಾನ್ ಪ್ರಕರಣ ಬೇರೆ ದಾರಿ ಹಿಡಿಯಿತು. 2005ರ ಫೆಬ್ರವರಿ 14ರಂದು ಮಾಜಿ ಪ್ರಧಾನಿ ರಫೀಕ್ ಹರೀರಿ ಬೈರೂತ್‌ನಲ್ಲಿ ಸ್ಫೋಟಕ್ಕೆ ಬಲಿಯಾದರು. ಆರೋಪಿಗಳು ಸಿಗದಿದ್ದಾಗ, ಈ ಪ್ರಕರಣಕ್ಕಾಗಿ ರಚಿಸಿದ ವಿಶೇಷ ನ್ಯಾಯಮಂಡಳಿ ಅವರಿಲ್ಲದೆಯೇ ವಿಚಾರಣೆ ನಡೆಸಿ, 2020ರಲ್ಲಿ ಅವರಲ್ಲೊಬ್ಬನಾದ ಸಲೀಂ ಅಯ್ಯಾಶ್‌ನನ್ನು ದೋಷಿಯೆಂದಿತು. ಆದರೆ ಅದರ ಶಾಸನ ಒಂದು ಷರತ್ತು ಹಾಕಿತ್ತು: ತಾನೇ ಆರಿಸಿದ ವಕೀಲರನ್ನು ಇಟ್ಟುಕೊಳ್ಳದೆ ಗೈರುಹಾಜರಿಯಲ್ಲಿ ಶಿಕ್ಷೆಗೊಳಗಾದವನು ಮರುವಿಚಾರಣೆ ಕೇಳಬಹುದು.

ನಮ್ಮ ಸೀಮೆಯ ಪ್ರಕರಣ, ನಮ್ಮ ಹೊಸ ಕಾನೂನು

2005ರ ಅದೇ ಫೆಬ್ರವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಬೀಡುಬಿಟ್ಟಿದ್ದ ಮೀಸಲು ಪೊಲೀಸರ ಮೇಲೆ ನಕ್ಸಲರು ದಾಳಿ ಮಾಡಿದರು, ಹಲವು ಪೊಲೀಸರು ಜೀವ ಕಳೆದುಕೊಂಡರು. ಎಷ್ಟೋ ಆರೋಪಿಗಳು ವರ್ಷಗಟ್ಟಲೆ ಸಿಗಲಿಲ್ಲ. ಆರೋಪಿಗಳ ಪಟ್ಟಿಯಲ್ಲಿದ್ದ ತೆಲುಗು ಕವಿ ವರವರ ರಾವ್ ಅವರನ್ನು 2019ರ ಜುಲೈನಲ್ಲಿ ಪುಣೆಯ ಯರವಡಾ ಜೈಲಿನಿಂದ ಪಾವಗಡಕ್ಕೆ ಕರೆತರಲಾಯಿತು. 2022ರಲ್ಲಿ ಬೇರೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಅನಾರೋಗ್ಯದ ಮೇಲೆ ಜಾಮೀನು ಕೊಟ್ಟಾಗ, ಅನುಮತಿಯಿಲ್ಲದೆ ಬೃಹನ್ಮುಂಬೈ ಬಿಡಬಾರದೆಂಬ ಷರತ್ತಿತ್ತು. ಅಂದರೆ ಈ ಸೀಮೆಯ ವಾಯಿದೆಗೂ ಅವರು ತಮ್ಮಿಷ್ಟದಂತೆ ಬರುವಂತಿರಲಿಲ್ಲ. ಗೈರಾದವರೆಲ್ಲ ಓಡಿಹೋದವರಲ್ಲ ಎಂಬುದಕ್ಕೆ ಇದೂ ಸಾಕ್ಷಿ. ಇತ್ತ ಮಡಿದವರ ಮನೆಯವರು ಎಷ್ಟು ವರ್ಷ ಕಾಯಬೇಕು? ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 299ನೇ ಕಲಂ ಪ್ರಕಾರ ಸಾಕ್ಷಿಗಳ ಹೇಳಿಕೆ ಬರೆದಿಡಬಹುದಿತ್ತು, ತೀರ್ಪು ಕೊಡುವಂತಿರಲಿಲ್ಲ. ಕಡತ ದೀರ್ಘಕಾಲ ಬಾಕಿ ಉಳಿದ ಪ್ರಕರಣಗಳ (ಎಲ್.ಪಿ.ಸಿ.) ಪಟ್ಟಿ ಸೇರುತ್ತಿತ್ತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 356ನೇ ಕಲಂ ಇದನ್ನು ಬದಲಿಸಿದೆ. ಹತ್ತು ವರ್ಷ ಅಥವಾ ಹೆಚ್ಚಿನ ಸಜೆ, ಜೀವಾವಧಿ, ಮರಣದಂಡನೆಗೆ ಗುರಿಯಾಗಬಲ್ಲ ಅಪರಾಧಗಳಲ್ಲಿ, ವಿಚಾರಣೆ ತಪ್ಪಿಸಿಕೊಳ್ಳಲು ತಲೆಮರೆಸಿಕೊಂಡ ಘೋಷಿತ ಅಪರಾಧಿಯನ್ನು ಅವನಿಲ್ಲದೆಯೇ ವಿಚಾರಿಸಿ ತೀರ್ಪು ನೀಡಬಹುದು. ದೋಷಾರೋಪ ಹೊರಿಸಿ 90 ದಿನ ಕಳೆದಿರಬೇಕು. ಕನಿಷ್ಠ 30 ದಿನ ಅಂತರದಲ್ಲಿ ಎರಡು ವಾರಂಟ್ ಹೊರಟಿರಬೇಕು. ಪತ್ರಿಕೆಯಲ್ಲಿ ಪ್ರಕಟಣೆ, ಬಂಧುವಿಗೆ ಅಥವಾ ಸ್ನೇಹಿತನಿಗೆ ಮಾಹಿತಿ, ಮನೆಗೂ ಠಾಣೆಗೂ ನೋಟಿಸ್ ಅಂಟಿಸುವುದು, ಸರ್ಕಾರಿ ಖರ್ಚಿನಲ್ಲಿ ವಕೀಲರು: ಇವೆಲ್ಲ ಅಗತ್ಯ.

ಸಂತ್ರಸ್ತರ ದೃಷ್ಟಿಯಿಂದ ಇದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಎರಡು ಕೊರತೆಗಳು ಚುಚ್ಚುತ್ತವೆ. ವಿಚಾರಣೆಯ ನಡುವೆ ಬಂದವನಿಗೆ ಹಿಂದಿನ ಸಾಕ್ಷ್ಯ ಪರೀಕ್ಷಿಸಲು ನ್ಯಾಯಾಲಯ ಅವಕಾಶ ಕೊಡಬಹುದು, ಕೊಡಲೇಬೇಕೆಂದಿಲ್ಲ. ತೀರ್ಪಿನ ನಂತರ ಬಂದವನಿಗೆ ಮೇಲ್ಮನವಿ ಮಾತ್ರ, ಅದೂ ಖುದ್ದಾಗಿ ಹಾಜರಾದರೆ, ಮೂರು ವರ್ಷದೊಳಗೆ. ಯಲಹಂಕದ ಶೆಡ್ಡಿನಲ್ಲಿರುವ ಕೂಲಿಯವನು ತುಮಕೂರಿನ ಪತ್ರಿಕೆಯ ಪ್ರಕಟಣೆ ನೋಡಿರುತ್ತಾನೆಯೇ? ಅವನು ಹಕ್ಕು ಬಿಟ್ಟುಕೊಟ್ಟಿದ್ದಾನೆಂದು ಊಹಿಸುವುದು ಅನ್ಯಾಯ. ಲೆಬನಾನ್ ಮಾದರಿಯ ಷರತ್ತನ್ನು ನಮ್ಮ ಸಂಸತ್ತೂ ಸೇರಿಸಬೇಕು: ತಿಳಿದೂ ತಪ್ಪಿಸಿಕೊಂಡನೆಂದು ಸಾಬೀತಾಗದವನಿಗೆ ಮರುವಿಚಾರಣೆ ಹಕ್ಕಾಗಿ ಸಿಗಬೇಕು.

ಅಲ್ಲಿಯವರೆಗೆ ನಮ್ಮ ಕೈಲಾಗುವ ಕೆಲಸವೂ ಇದೆ. ಬೀಗ ಹಾಕಿದ ಪಕ್ಕದ ಮನೆಗೆ ನೋಟಿಸ್ ಅಂಟಿಸಿದರೆ ಆ ಮನೆಯವರಿಗೆ ಅಂದೇ ಫೋನ್ ಮಾಡಿ. ವಕೀಲರಿಗೆ ಹಣವಿಲ್ಲದವರನ್ನು ಮಧುಗಿರಿಯ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರೆದೊಯ್ಯಿರಿ. ಕಾನೂನು ಓದಲು ಹೊರಟ ವಿದ್ಯಾರ್ಥಿಗಳೇ, ನಾಳೆ ನೀವು ಗೈರುಹಾಜರಿ ಆರೋಪಿಯ ಪರ ನಿಂತರೆ, ಸಮನ್ಸ್ ನಿಜಕ್ಕೂ ತಲುಪಿತೇ ಎಂದು ಮೊದಲು ಕೇಳಿ. ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವವರೆಗೆ ವಿಚಾರಣೆಯನ್ನು ಮುಂದಕ್ಕೆ ಹೋಗಲು ಬಿಡಬೇಡಿ.