ಗೊಂಬೆಯ ಹೆಸರಿಗೆ ರಕ್ಷಣೆಯಿದೆ, ಮಾಡಿದವರಿಗೆ?

ವಾಣಿಜ್ಯ, ಬೌದ್ಧಿಕ ಸ್ವತ್ತು, ಅಂತಾರಾಷ್ಟ್ರೀಯ ವ್ಯಾಪಾರ, ತೆರಿಗೆ: ಈ ನಾಲ್ಕು ಕಾನೂನುಗಳನ್ನು ಒಂದೇ ಸಂಜೆ ಪರಿಚಯಿಸಬೇಕು ಎಂದು ನೀವು ಕೇಳಿದ್ದೀರಿ. ನಾಲ್ಕೂ ಬಂದು ಸೇರುವ ವಸ್ತುವೊಂದು ಇಲ್ಲೇ ಮೈಸೂರು ರಸ್ತೆಯಲ್ಲಿ ಸಿಗುತ್ತದೆ. ಚನ್ನಪಟ್ಟಣದ ಗೊಂಬೆ. ಅದನ್ನೇ ಹಿಡಿದು ಮಾತಾಡುತ್ತೇನೆ.

ಅಲ್ಲಿನ ಕೆಲಸ ನೋಡಿದವರಿಗೆ ಗೊತ್ತು. ಹಾಲೆ ಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಕೇದಗೆಯ ಒಣಗರಿಯಿಂದ ಉಜ್ಜಿದರೆ ಹೊಳಪು ಏಳುತ್ತದೆ. ಈ ಕೈಚಳಕವನ್ನು ಯಾವ ಕಾನೂನು ಕಾಯಬೇಕು? ಪೇಟೆಂಟ್ ಹೊಸ ಆವಿಷ್ಕಾರಕ್ಕೆ ಮಾತ್ರ, ಅದೂ 20 ವರ್ಷ. ಇದು ತಲೆಮಾರುಗಳಿಂದ ಬಂದ ವಿದ್ಯೆ. ಟ್ರೇಡ್‌ಮಾರ್ಕ್ ಒಬ್ಬ ವ್ಯಾಪಾರಿಯದು. ಇದು ಒಂದು ಊರಿನದು. ಇಂಥ ಸೊತ್ತಿಗೆಂದೇ 1999ರಲ್ಲಿ ಭೌಗೋಳಿಕ ಸೂಚಕಗಳ (ಜಿಐ) ಕಾಯ್ದೆ ಬಂತು, 2003ರಲ್ಲಿ ಜಾರಿಯಾಯಿತು. ಮೊದಲ ನೋಂದಣಿ ಡಾರ್ಜಿಲಿಂಗ್ ಚಹಾದ್ದು. 2005–06ರಲ್ಲಿ ನಮ್ಮ ಗೊಂಬೆಗಳಿಗೂ ಜಿಐ ಟ್ಯಾಗ್ ಸಿಕ್ಕಿತು. 10 ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋದರೆ ಅದಕ್ಕೆ ಕೊನೆಯಿಲ್ಲ. ಅದನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, ಪರರಿಗೆ ಪರವಾನಗಿ ಕೊಡುವಂತೆಯೂ ಇಲ್ಲ. ಈ ನಿಯಮ ನನಗೆ ಬಹಳ ಮೆಚ್ಚುಗೆಯದು. ಹಣವಿದ್ದವರು ಊರಿನ ಹೆಸರನ್ನೇ ಕೊಂಡುಕೊಂಡು ಹೋಗದಂತೆ ಕಾನೂನು ಬಾಗಿಲು ಹಾಕಿದೆ.

ಆದರೆ ಟ್ಯಾಗ್ ಕಾಯುವುದು ಹೆಸರನ್ನು. ಬೇರೆ ಊರಿನಲ್ಲಿ ಯಾರಾದರೂ ಅದೇ ಬಗೆಯ ಅರಗಿನ ಗೊಂಬೆ ಮಾಡಿ ಬೇರೆ ಹೆಸರಿನಲ್ಲಿ ಮಾರಿದರೆ ಈ ಕಾಯ್ದೆ ತಡೆಯುವುದಿಲ್ಲ. ಹೊಸ ಆಕಾರವೊಂದನ್ನು ಕಲ್ಪಿಸಿಕೊಂಡ ಕುಶಲಕರ್ಮಿಗೆ 2000ದ ವಿನ್ಯಾಸ ಕಾಯ್ದೆಯಿದೆ: 10 ವರ್ಷ, ಬೇಕಿದ್ದರೆ ಇನ್ನೂ 5. ಆದರೆ ಅಂಗಡಿಗೆ ಇಳಿಸುವ ಮೊದಲೇ ಅರ್ಜಿ ಹಾಕಬೇಕು. ಮಾರಿ ನೋಡೋಣ, ಹೋದರೆ ಅರ್ಜಿ ಹಾಕೋಣ ಎಂದುಕೊಂಡರೆ ಹೊಸತನವೇ ಹೋಯಿತು. ಕಾಪಿರೈಟ್ ಇದ್ದೀತೆಂದು ನೆಚ್ಚಿಕೊಳ್ಳುವಂತೆಯೂ ಇಲ್ಲ. ನೋಂದಾಯಿಸಬಹುದಾಗಿದ್ದ ವಿನ್ಯಾಸವನ್ನು ನೋಂದಾಯಿಸದೆ ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ಮಾಡಿದೊಡನೆ ಆ ಹಕ್ಕೂ ತೀರುತ್ತದೆ. ಗೊಂಬೆಯಂಥ ಸರಕಿಗೆ 50 ಏನು ದೊಡ್ಡ ಸಂಖ್ಯೆ?

ಗಡಿ ದಾಟಿದರೆ ಇನ್ನೊಂದು ತಾರತಮ್ಯ. ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದ ವೈನಿಗೂ ಮದ್ಯಕ್ಕೂ ಹೆಚ್ಚಿನ ರಕ್ಷಣೆ ಕೊಟ್ಟಿದೆ. ಕೊಳ್ಳುವವರು ಮೋಸಹೋದರೆಂದು ತೋರಿಸಬೇಕಾಗಿಲ್ಲ, ಹೆಸರು ಬಳಸಿದ್ದೇ ತಪ್ಪು. ಗೊಂಬೆಗೆ, ಚಹಾಕ್ಕೆ, ಸೀರೆಗೆ ಮೋಸವನ್ನು ರುಜುವಾತು ಮಾಡಬೇಕು. ದ್ರಾಕ್ಷಿ ಬೆಳೆಯುವವರಿಗೊಂದು ನ್ಯಾಯ, ಮರ ಕಡೆಯುವವರಿಗೊಂದು ನ್ಯಾಯ ಎಂಬುದನ್ನು ನಾನು ಒಪ್ಪಲಾರೆ. ನಮ್ಮ ಸರ್ಕಾರ ತನ್ನ ಗಡಿಯೊಳಗೆ ಕೆಲವನ್ನು ಮಾಡಿದೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾದಾಗ ನೋಂದಾಯಿತ ಕುಶಲಕರ್ಮಿಗಳಿಗೂ ಜಿಐ ಅಧಿಕೃತ ಬಳಕೆದಾರರಿಗೂ ವಿನಾಯಿತಿ ಕೊಟ್ಟರು. ‘ಅಧಿಕೃತ ಬಳಕೆದಾರ’ ಎಂದರೆ ಚೆನ್ನೈನ ಜಿಐ ರಿಜಿಸ್ಟ್ರಿಯ ಪುಸ್ತಕದಲ್ಲಿ ಹೆಸರಿರುವವರು. ಊರಿಗೆ ಟ್ಯಾಗ್ ಬಂದ ಮಾತ್ರಕ್ಕೆ ಲೇತಿನ ಮುಂದೆ ಕೂತವರ ಹೆಸರು ತಾನಾಗಿ ಆ ಪುಸ್ತಕ ಸೇರುವುದಿಲ್ಲ. ಪ್ರತಿಯೊಬ್ಬರೂ ಅರ್ಜಿ ಹಾಕಬೇಕು.

ಜಿಎಸ್‌ಟಿಯದು ಚಿಕ್ಕ ಮಾತು: ವರ್ಷಕ್ಕೆ 40 ಲಕ್ಷದೊಳಗಿನ ಸರಕಿನ ವಹಿವಾಟನ್ನು ರಾಜ್ಯದೊಳಗೇ ನಡೆಸುವ ಸಣ್ಣ ಕಾರ್ಖಾನೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ.

ನನಗೆ ಮುಖ್ಯವೆನಿಸುವುದು ಇವೆಲ್ಲಕ್ಕಿಂತ ಹಳೆಯ ಕಷ್ಟ, ಬಾಕಿ ಹಣ. ವರ್ತಕ ಸರಕು ಎತ್ತಿಕೊಂಡು ಹೋಗುತ್ತಾನೆ, ಹಣ ‘ಹಬ್ಬ ಕಳೀಲಿ’ ಎಂದಾಗುತ್ತದೆ. 2006ರ ಸಣ್ಣ ಉದ್ದಿಮೆಗಳ (ಎಂಎಸ್‌ಎಂಇ) ಕಾಯ್ದೆಯ ಪ್ರಕಾರ ಬರಹದ ಕರಾರಿಲ್ಲದಿದ್ದರೆ 15 ದಿನದಲ್ಲಿ, ಕರಾರಿದ್ದರೂ 45 ದಿನದೊಳಗೆ ಹಣ ಸಲ್ಲಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೂ ಸಾಲಗಾರ ವರ್ತಕನ ಮೇಲೆ ದೂರು ಕೊಡುವ ಧೈರ್ಯ ಎಷ್ಟು ಜನಕ್ಕೆ ಬರುತ್ತದೆ? ನಾಳೆಯ ಆರ್ಡರೂ ಅವನದೇ ಅಲ್ಲವೇ! ಇಲ್ಲಿ ತೆರಿಗೆ ಕಾನೂನು ನೆರವಿಗೆ ಬಂದಿದೆ. 2023ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಬಂದ ತಿದ್ದುಪಡಿಯ ಪ್ರಕಾರ, ಸಣ್ಣ ತಯಾರಕರಿಗೆ ಆ ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ವರ್ತಕ ಆ ವರ್ಷದ ಖರ್ಚಿನಲ್ಲಿ ಕಳೆಯುವಂತಿಲ್ಲ, ನಿಜವಾಗಿ ಹಣ ಕೊಟ್ಟ ವರ್ಷದಲ್ಲಷ್ಟೇ ಕಳೆಯಬಹುದು. ದೂರು ಕೊಡದೆಯೇ ವರ್ತಕನ ಲೆಕ್ಕಿಗರು ಮಾರ್ಚ್ ಬರುವ ಮುಂಚೆ ‘ಕೊಟ್ಟುಬಿಡಿ’ ಎನ್ನುವಂತಾಯಿತು. ಇದಕ್ಕೆ ತಯಾರಕರ ಹತ್ತಿರ ಎರಡು ಕಾಗದ ಇರಬೇಕು: ಸಣ್ಣ ಉದ್ದಿಮೆಯೆಂದು ಸರ್ಕಾರದಲ್ಲಿ ದಾಖಲಾದ ಉದ್ಯಮ್ ನೋಂದಣಿ ಮತ್ತು ತಾರೀಖು ಹಾಕಿದ ಬಿಲ್ಲು. ನೋಂದಣಿಗೆ ಶುಲ್ಕವಿಲ್ಲ, ಆಧಾರ್ ಇಟ್ಟುಕೊಂಡು ಮನೆಯಲ್ಲೇ ಮಾಡಬಹುದು.

ಸಭೆಗಳಲ್ಲಿ ಅತಿಥಿಗಳಿಗೆ ಕೊಡಲು ನಾವೆಲ್ಲ ಈ ಗೊಂಬೆಗಳನ್ನು ಕೊಳ್ಳುತ್ತೇವೆ. ಮುಂದಿನ ಸಲ ಮಾಡಿದವರಿಂದಲೇ ಕೊಳ್ಳಿ, ಬಿಲ್ಲು ಕೇಳಿ, ಅದರ ಮೇಲೆ ಅವರ ಉದ್ಯಮ್ ಸಂಖ್ಯೆ ಇಲ್ಲದಿದ್ದರೆ ನಿಮ್ಮಲ್ಲೊಬ್ಬರು ಫೋನು ಹಿಡಿದು ಅಲ್ಲೇ ಕೂತು ನೋಂದಣಿ ಮಾಡಿಸಿಕೊಡಿ.