ಮನೆಯ ವ್ಯಾಯಾಮ ಯಂತ್ರಗಳು: ಒಂದು ಪರೀಕ್ಷೆ

(ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ನಮ್ಮ ಶಾಲೆಯ ಹಳೆವಿದ್ಯಾರ್ಥಿಯೊಬ್ಬರು ಈಗ ಕೊಲ್ಲಿ ನಾಡಿನಲ್ಲಿ ಉದ್ಯೋಗದಲ್ಲಿದ್ದಾರೆ. ಅಕ್ಷರ ಕಲಿಸಿದ ಶಾಲೆಯನ್ನು ಮರೆಯದ ಆ ಮಹನೀಯರು, ಮಕ್ಕಳ ಅಂಗಸಾಧನೆಗಾಗಿ ಸುಮಾರು 30,000 ರೂಪಾಯಿ ಬೆಲೆಯ ಒಂದು ಯಂತ್ರವನ್ನು ಕೊಡಿಸುವುದಾಗಿಯೂ, ಯಾವ ಯಂತ್ರ ಬೇಕೆಂಬುದನ್ನು ಶಾಲೆಯೇ ಆರಿಸಿ ತಿಳಿಸಬೇಕೆಂದೂ ಸಂಘಕ್ಕೆ ಪತ್ರ ಬರೆದರು. ಇದೇ ಕಾಲದಲ್ಲಿ ಪೋಷಕರಲ್ಲಿ ಅನೇಕರು ಇಂಥದೇ ಪ್ರಶ್ನೆಯನ್ನು ನಮ್ಮಲ್ಲಿ ಕೇಳುತ್ತಿದ್ದರು. ಅಂಗಡಿಯ ಗಲ್ಲೆಯಲ್ಲಿ ದಿನವಿಡೀ ಕುಳಿತಿರುವವರಿಗೂ, ಬೀಡಿ ಕಟ್ಟುತ್ತ ಚಾಪೆಯಿಂದ ಏಳಲು ಬಿಡುವಿಲ್ಲದ ತಾಯಂದಿರಿಗೂ ವೈದ್ಯರು “ನಡೆಯಿರಿ” ಎಂದು ಹೇಳುತ್ತಾರೆ. ಆದರೆ ಕಾಸರಗೋಡಿನ ಕಡೆಯ ಮಳೆಯನ್ನು ಬಲ್ಲವರು, ಜೂನ್ ತಿಂಗಳಿನಿಂದ ಆಟಿ ಕಳೆಯುವವರೆಗೆ ನಡೆಯುವುದೆಲ್ಲಿ ಎಂದು ಕೇಳಿದರೆ ತಪ್ಪೇನಿದೆ? ಹೀಗಾಗಿ ಕೆಲವರು ಕಂತಿನ ಮೇಲೆ ಯಂತ್ರ ಕೊಂಡಿದ್ದಾರೆ. ಕೆಲವರು ಕೊಳ್ಳುವ ಆಲೋಚನೆಯಲ್ಲಿದ್ದಾರೆ. ಬಡವರ ದುಡ್ಡು, ದಾನಿಗಳ ದುಡ್ಡು, ಮೇಲಾಗಿ ದೇಹದ ಆರೋಗ್ಯ, ಇವು ಮೂರೂ ಸೇರಿದ ವಿಷಯದಲ್ಲಿ ಊಹೆಯ ಮೇಲೆ ಉತ್ತರ ಕೊಡುವುದು ಸಲ್ಲದೆಂದು ಭಾವಿಸಿ, ಯಂತ್ರಗಳನ್ನು ಕೈಯಾರೆ ಪರೀಕ್ಷಿಸಿಯೇ ನೋಡಿದೆವು. ಅದರ ವರದಿಯನ್ನು ಇಂದು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ.

ನಾಲ್ಕು ಮನೆಗಳವರು ಹದಿನೈದು ದಿನಗಳ ಮಟ್ಟಿಗೆ ತಮ್ಮ ಯಂತ್ರಗಳನ್ನು ಕಡವಾಗಿ ಕೊಟ್ಟರು. ಅವುಗಳಲ್ಲಿ ಎರಡರ ಮೇಲೆ ಬಟ್ಟೆ ಒಣಗುತ್ತಿತ್ತೆಂದು ಹೇಳಿದರೆ ಆ ಮನೆಯವರು ಬೇಸರಿಸಲಾರರೆಂದು ನಂಬಿದ್ದೇವೆ. ಮೋಟಾರಿನಿಂದ ಓಡುವ ಟ್ರೆಡ್‌ಮಿಲ್, ನಿಂತಲ್ಲಿಯೇ ತುಳಿಯುವ ಸೈಕಲ್, ದೋಣಿಯ ಹುಟ್ಟು ಹಾಕುವಂತೆ ಎಳೆಯುವ ಯಂತ್ರ, ಸೊಂಟಕ್ಕೆ ಪಟ್ಟಿ ಸುತ್ತಿ ನಡುಗಿಸುವ ಯಂತ್ರ, ಇವೇ ಆ ನಾಲ್ಕು. ಇವುಗಳ ಜೊತೆಗೆ ಹೋಲಿಕೆಗಾಗಿ ಶಾಲೆಯ ಮೆಟ್ಟಿಲನ್ನೂ ಒಂದು ಸಾಧಾರಣ ಜಿಗಿಯುವ ಹಗ್ಗವನ್ನೂ ಇರಿಸಿಕೊಂಡೆವು. ಯಂತ್ರಗಳ ಮೇಲೆ ಹತ್ತಿದವರು ಅಧ್ಯಾಪಕರು. ಗಡಿಯಾರ, ಸೀಮೆಸುಣ್ಣ, ಅಳತೆಪಟ್ಟಿ ಮತ್ತು ಪುಸ್ತಕಗಳನ್ನು ಹಿಡಿದವರು ಹತ್ತನೆಯ ತರಗತಿಯ ವಿದ್ಯಾರ್ಥಿಗಳು.

ಹೋಲಿಕೆಯೆಂದರೆ ನ್ಯಾಯವಾಗಿರಬೇಕು. ಇದಕ್ಕೊಂದು ಪ್ರಸಿದ್ಧ ಉದಾಹರಣೆಯುಂಟು. 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರೂ ಅವರ ಸಂಗಡಿಗರೂ ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಕುರಿತು ಒಂದು ಅಧ್ಯಯನವನ್ನು ಪ್ರಕಟಿಸಿದರು. ದಿನವೆಲ್ಲ ಕುಳಿತಿರುವ ಚಾಲಕರಿಗಿಂತ, ಮೇಲಂತಸ್ತಿಗೆ ಹತ್ತಿಳಿಯುತ್ತಿದ್ದ ನಿರ್ವಾಹಕರಲ್ಲಿ ಹೃದ್ರೋಗವು ಕಡಿಮೆಯಾಗಿ ಕಂಡುಬಂದಿತು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ನೌಕರರಿಗೆ ಹೊಲಿಸಿಕೊಟ್ಟ ಸಮವಸ್ತ್ರಗಳ ಅಳತೆಗಳನ್ನು ಪರಿಶೀಲಿಸಿ, ಚಾಲಕರು ಕೆಲಸಕ್ಕೆ ಸೇರುವಾಗಲೇ ಸೊಂಟದ ಸುತ್ತಳತೆಯಲ್ಲಿ ದೊಡ್ಡವರಾಗಿದ್ದರೆಂಬುದನ್ನೂ 1956ರಲ್ಲಿ ತಾವೇ ಪ್ರಕಟಿಸಿದರು. ತಮ್ಮ ವಾದಕ್ಕೆ ಅಡ್ಡ ಬರುವ ಸಂಗತಿಯನ್ನೂ ಮುಚ್ಚಿಡದಿರುವುದೇ ವಿಜ್ಞಾನ. ಮಕ್ಕಳೇ, ಇದನ್ನು ನೆನಪಿನಲ್ಲಿಡಿರಿ.

ಆದುದರಿಂದ ನಾವು ಮಾಡಿಕೊಂಡ ನಿಯಮಗಳಿವು. ಎಲ್ಲ ಯಂತ್ರಗಳನ್ನೂ ಅದೇ ವ್ಯಕ್ತಿಗಳು ಬಳಸತಕ್ಕದ್ದು. ದಿನಕ್ಕೆ ಒಂದೇ ಯಂತ್ರ, ಸಂಜೆಯ ಅದೇ ಹೊತ್ತು, ಹತ್ತೇ ನಿಮಿಷ. ಮೊದಲೂ ಮುಗಿದ ಕೂಡಲೂ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು. ಇದರೊಂದಿಗೆ ಮಾತಿನ ಪರೀಕ್ಷೆಯೊಂದುಂಟು: ಮಾತನಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎಂಬಷ್ಟು ಏದುಸಿರು ಬಂದರೆ ಅದು ಮಧ್ಯಮ ಶ್ರಮ. ಯಕ್ಷಗಾನದ ಪದವೊಂದನ್ನು ನಿರಾಯಾಸವಾಗಿ ಹೇಳಲು ಸಾಧ್ಯವಾದರೆ ಶ್ರಮ ಸಾಲದೆಂದೂ, ನಾಲ್ಕು ಮಾತಿಗೂ ಉಸಿರು ಸಿಗದಿದ್ದರೆ ಶ್ರಮ ತೀವ್ರವಾಯಿತೆಂದೂ ತಿಳಿಯಬಹುದು.

ಮೊದಲು ಟ್ರೆಡ್‌ಮಿಲ್. ಈ ಹೆಸರಿನ ಯಂತ್ರದ ಪೂರ್ವಚರಿತ್ರೆ ಅಷ್ಟು ಮಂಗಳಕರವಲ್ಲ. 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಗ್ಲಿಷ್ ಎಂಜಿನಿಯರು ಸೆರೆಮನೆಯ ಕೈದಿಗಳು ತುಳಿಯುವುದಕ್ಕಾಗಿ ಮೆಟ್ಟಿಲುಗಳುಳ್ಳ ಚಕ್ರವೊಂದನ್ನು ರೂಪಿಸಿದರು. ಅಂದು ಶಿಕ್ಷೆಯಾಗಿದ್ದ ತುಳಿತವು ಮುಂದೆ ಚಿಕಿತ್ಸೆಯ ನೆರವಿಗೆ ಬಂದಿತು; 1963ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಬ್ರೂಸ್ ಅವರು ಪ್ರಕಟಿಸಿದ, ವೇಗವನ್ನೂ ಏರನ್ನೂ ಹಂತಹಂತವಾಗಿ ಹೆಚ್ಚಿಸುವ ಹೃದಯಪರೀಕ್ಷೆಯ ಕ್ರಮವು ಇಂದಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ.

ವಿದ್ಯಾರ್ಥಿಗಳು ಈ ಯಂತ್ರದ ಪಟ್ಟಿಯ ಸುತ್ತಳತೆಯನ್ನು ಅಳೆದರು; 2.8 ಮೀಟರ್ ಬಂದಿತು. ಪಟ್ಟಿಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಗಂಟೆಗೆ 5 ಕಿಲೋಮೀಟರ್ ಎಂದು ತೋರಿಸುವಂತೆ ಓಡಿಸಿ ಸುತ್ತುಗಳನ್ನು ಎಣಿಸಿದರು. ಲೆಕ್ಕದ ಪ್ರಕಾರ ನಿಮಿಷಕ್ಕೆ ಸುಮಾರು 30 ಸುತ್ತು ಬರಬೇಕು. ಬರಿಯ ಪಟ್ಟಿಗೆ ಸರಿಯಾಗಿ 30 ಬಂದಿತು. ಆದರೆ ಅಧ್ಯಾಪಕರೊಬ್ಬರು ಅದರ ಮೇಲೆ ನಡೆಯತೊಡಗಿದಾಗ 27ಕ್ಕೆ ಇಳಿಯಿತು. ಎಂದರೆ ನಿಜವಾದ ವೇಗ ಗಂಟೆಗೆ ಸುಮಾರು 4.5 ಕಿಲೋಮೀಟರ್. ಫಲಕದ ಅಂಕೆ ಮಾತ್ರ 5 ಎಂದೇ ಸಾರುತ್ತಿತ್ತು. ಮೋಟಾರಿನ ಬಲ ಸಾಲದಿದ್ದರೆ ಹೀಗಾಗುವುದು. ಕೊಳ್ಳುವವರು ಮನೆಯಲ್ಲಿ ಎಲ್ಲರಿಗಿಂತ ತೂಕವುಳ್ಳವರನ್ನು ಅಂಗಡಿಗೆ ಕರೆದೊಯ್ದು ನಡೆಸಿ ನೋಡುವುದು ಒಳಿತು. ಇನ್ನೊಂದು ಸಂಗತಿ: ಮುಂದಿನ ಕಂಬಿಗೆ ಭಾರ ಬಿಟ್ಟು ನಡೆದಾಗ ನಮ್ಮ ನಾಡಿ, ಕೈಬೀಸಿ ನಡೆದಾಗಿನಷ್ಟು ಏರಲಿಲ್ಲ. ಕಂಬಿಯು ಬೀಳದಂತೆ ಹಿಡಿಯಲಿಕ್ಕೆ, ಜೋತುಬೀಳಲಿಕ್ಕಲ್ಲ. ಒಟ್ಟಿನಲ್ಲಿ ಇದರ ನಡಿಗೆ ನಿಜವಾದ ನಡಿಗೆಯೇ. ಆದರೆ ಹದಿನೈದು ದಿನಗಳಲ್ಲಿ ಎರಡು ಬಾರಿ ವಿದ್ಯುತ್ತು ಕೈಕೊಟ್ಟು ಪಟ್ಟಿ ನಿಂತಿತೆಂಬುದನ್ನೂ ಹೇಳಲೇಬೇಕು.

ಎರಡನೆಯದು ಸೈಕಲ್. ಇದಕ್ಕೆ ವಿದ್ಯುತ್ತು ಬೇಡ, ಸ್ಥಳವೂ ಅಲ್ಪ. ಕುಳಿತು ತುಳಿಯುವುದರಿಂದ ದೇಹದ ಭಾರವು ಮಂಡಿಗಳ ಮೇಲೆ ಬೀಳುವುದಿಲ್ಲ. ಆಸನದ ಎತ್ತರ ಮಾತ್ರ ಸರಿಯಿರಬೇಕು; ಪಾದ ಕೆಳಕ್ಕೆ ಹೋದಾಗ ಮಂಡಿ ಕೊಂಚವೇ ಬಾಗಿರಬೇಕು. ಇದರಲ್ಲಿ ವಿದ್ಯಾರ್ಥಿಗಳು ಕಂಡ ತಮಾಷೆಯೊಂದುಂಟು. ಬಿಗಿಯನ್ನು ಪೂರ್ತಿ ಸಡಿಲಿಸಿ 500 ಸುತ್ತು, ಪೂರ್ತಿ ಬಿಗಿದು 500 ಸುತ್ತು ತುಳಿದಾಗ, ಫಲಕವು ಎರಡು ಬಾರಿಯೂ ಒಂದೇ ಕ್ಯಾಲರಿ ಲೆಕ್ಕವನ್ನು ತೋರಿಸಿತು. ತುಳಿದವರ ಅಂಗಿಯಾದರೋ ಮೊದಲನೆಯ ಸಲ ಒಣಗಿತ್ತು, ಎರಡನೆಯ ಸಲ ನೆನೆದಿತ್ತು! ಆ ಯಂತ್ರವು ಸುತ್ತುಗಳನ್ನು ಎಣಿಸುತ್ತದೆಯೇ ಹೊರತು ಶ್ರಮವನ್ನಲ್ಲ. ಫಲಕದ ಸಾಕ್ಷ್ಯಕ್ಕಿಂತ ನಾಡಿಯ ಸಾಕ್ಷ್ಯವೇ ಹೆಚ್ಚು ನಂಬತಕ್ಕದ್ದು.

ಮೂರನೆಯದು ಹುಟ್ಟಿನ ಯಂತ್ರ. ಚಂದ್ರಗಿರಿ ಹೊಳೆಯಲ್ಲಿ ದೋಣಿ ನಡೆಸುವವರ ತೋಳುಗಳನ್ನು ಕಂಡವರು ಇದನ್ನು ಕೈಯ ವ್ಯಾಯಾಮವೆಂದು ಭಾವಿಸಬಹುದು. ವಾಸ್ತವದಲ್ಲಿ ಆಸನವು ಜಾರುವ ಈ ಯಂತ್ರದಲ್ಲಿ ಮೊದಲು ಕಾಲುಗಳು ಒತ್ತಬೇಕು, ಅನಂತರ ಬೆನ್ನು ಹಿಂದಕ್ಕೆ ಸರಿಯಬೇಕು, ಕೊನೆಗೆ ಕೈಗಳು ಎಳೆಯಬೇಕು. ಮೂರೂ ದುಡಿಯುವುದರಿಂದ, ನಾಲ್ಕು ಯಂತ್ರಗಳಲ್ಲಿ ನಮ್ಮ ನಾಡಿಯನ್ನು ಎಲ್ಲಕ್ಕಿಂತ ಮೇಲಕ್ಕೆ ಏರಿಸಿದ್ದು ಇದೇ. ಆದರೆ ಕ್ರಮ ತಪ್ಪಿ, ಬೆನ್ನು ಗೂನಾಗಿಸಿ ಎಳೆದರೆ ಸೊಂಟನೋವು ಬರುವುದು, ಹೇಳಿಕೊಡುವವರು ಬೇಕು. ನಮಗೆ ದೊರೆತದ್ದು ಎಣ್ಣೆ ತುಂಬಿದ ಕೊಳವೆಗಳಿದ್ದ ಮಾದರಿ. ಐದಾರು ನಿಮಿಷಗಳಲ್ಲಿ ಕೊಳವೆ ಬಿಸಿಯಾಗಿ, ಎಳೆತ ಹಗುರವಾಗುತ್ತ ಬಂದಿತು.

ನಾಲ್ಕನೆಯದು ಸೊಂಟ ನಡುಗಿಸುವ ಯಂತ್ರ. ಇದರ ಮುಂದೆ ಹತ್ತು ನಿಮಿಷ ನಿಂತೆವು. ಹೊಟ್ಟೆ ಅಲುಗಿತು, ಕನ್ನಡಕ ಅಲುಗಿತು, ಮಕ್ಕಳು ನಕ್ಕರು. 76 ಇದ್ದ ನಮ್ಮ ನಾಡಿ 80ಕ್ಕೆ ಬಂದಿತು. ಅದೂ ನಗುವಿನಿಂದಲೋ ಏನೋ! ದೇಹವನ್ನು ಯಂತ್ರದಿಂದ ಅಲುಗಿಸುವ ಆಸೆ ಹೊಸದೇನೂ ಅಲ್ಲ. ಸ್ವೀಡನ್ನಿನ ವೈದ್ಯ ಗುಸ್ತಾವ್ ಜಾಂಡರ್ ಅವರು 1865ರಲ್ಲಿಯೇ ಸ್ಟಾಕ್‌ಹೋಮಿನಲ್ಲಿ ಯಂತ್ರ ವ್ಯಾಯಾಮದ ಸಂಸ್ಥೆಯನ್ನು ತೆರೆದಿದ್ದರು. ಅವರ ಯಂತ್ರಗಳಲ್ಲಿ ಕೆಲವನ್ನು ಮನುಷ್ಯನು ನಡೆಸಬೇಕಿತ್ತು, ಕೆಲವು ಆವಿಯ ಬಲದಿಂದ ಮನುಷ್ಯನನ್ನೇ ಅಲುಗಿಸುತ್ತಿದ್ದವು. ಹೊಟ್ಟೆಗೆ ಕಟ್ಟಿಕೊಂಡರೆ ಸಾಕು, ಶ್ರಮವಿಲ್ಲದೆ ಬೊಜ್ಜು ಕರಗುವುದೆಂದು ವಿದ್ಯುತ್ ಪಟ್ಟಿಗಳನ್ನು ಮಾರುತ್ತಿದ್ದವರ ಮೇಲೆ ಅಮೆರಿಕದ ಸರಕಾರವು 2002ರಲ್ಲಿ ಸುಳ್ಳು ಜಾಹೀರಾತಿನ ಆಪಾದನೆ ಹೊರಿಸಿತು. ಯಂತ್ರವು ನಮ್ಮನ್ನು ಅಲುಗಿಸುವುದು ವ್ಯಾಯಾಮವಲ್ಲ, ನಾವು ನಮ್ಮನ್ನು ಅಲುಗಿಸಿಕೊಳ್ಳುವುದೇ ವ್ಯಾಯಾಮ. ಈ ಒಂದು ಮಾತಿನಲ್ಲಿ ನಮ್ಮ ಪರೀಕ್ಷೆಯ ಸಾರವೆಲ್ಲ ಅಡಗಿದೆ.

ಇನ್ನು ಮೆಟ್ಟಿಲು. ನಮ್ಮ ಶಾಲೆಯ ಮೆಟ್ಟಿಲುಗಳು 20. ಒಂದೊಂದರ ಎತ್ತರ 15 ಸೆಂಟಿಮೀಟರ್. ಒಟ್ಟು 3 ಮೀಟರ್. 60 ಕಿಲೋಗ್ರಾಂ ತೂಕದವರು ಹತ್ತು ಬಾರಿ ಹತ್ತಿದರೆ ಆಗುವ ಕೆಲಸ ಸುಮಾರು 17,640 ಜೂಲ್. ಸ್ನಾಯುಗಳು ತಾವು ವ್ಯಯಿಸುವ ಶಕ್ತಿಯಲ್ಲಿ ಸುಮಾರು ನಾಲ್ಕನೆಯ ಅಥವಾ ಐದನೆಯ ಒಂದು ಪಾಲನ್ನು ಮಾತ್ರ ಕೆಲಸವಾಗಿ ಪರಿವರ್ತಿಸುವುದರಿಂದ, ದೇಹವು ವ್ಯಯಿಸಿದ ಶಕ್ತಿ ಸುಮಾರು 20 ಕಿಲೋಕ್ಯಾಲರಿ. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 100 ಕಿಲೋಕ್ಯಾಲರಿ ಇದೆ. ಹತ್ತು ಬಾರಿ ಹತ್ತಿದರೂ ಹಣ್ಣಿನ ಐದನೆಯ ಒಂದು ಪಾಲೇ ಕರಗಿತು! ಆದುದರಿಂದ ಬೊಜ್ಜು ಕರಗಿಸುವುದೊಂದೇ ಗುರಿಯಾಗಿ ಯಂತ್ರ ಕೊಳ್ಳುವವರು ಬೇಗ ನಿರಾಶರಾಗುವರು. ಅದಕ್ಕೆ ಊಟದ ಹಿಡಿತವೂ ಬೇಕು. ವ್ಯಾಯಾಮದ ನಿಜವಾದ ಫಲ ಹೃದಯದ ದೃಢತೆ, ಸ್ನಾಯುಗಳ ಬಲ, ರಕ್ತದಲ್ಲಿನ ಸಕ್ಕರೆಯ ಹತೋಟಿ, ರಾತ್ರಿಯ ಒಳ್ಳೆಯ ನಿದ್ದೆ. ಇವು ಕನ್ನಡಿಯಲ್ಲಿ ಕಾಣುವುದಿಲ್ಲ, ಆದರೆ ಮನೆಯನ್ನು ಕಾಯುತ್ತವೆ.

ಬೆಲೆಯ ಲೆಕ್ಕವನ್ನೂ ಮಕ್ಕಳು ಮಾಡಿದ್ದಾರೆ. 30,000 ರೂಪಾಯಿಯ ಯಂತ್ರವನ್ನು 30 ದಿನ ಬಳಸಿ ಮೂಲೆಗೆ ತಳ್ಳಿದರೆ ದಿನಕ್ಕೆ 1,000 ರೂಪಾಯಿ ಬಿದ್ದಂತಾಯಿತು. ವಾರಕ್ಕೆ ನಾಲ್ಕು ದಿನದಂತೆ ಐದು ವರ್ಷ ಬಳಸಿದರೆ 1,040 ದಿನ. ದಿನಕ್ಕೆ 29 ರೂಪಾಯಿಗೂ ಕಡಿಮೆ. ಯಂತ್ರವು ಅಗ್ಗವೋ ದುಬಾರಿಯೋ ಎಂಬುದನ್ನು ನಿಶ್ಚಯಿಸುವವರು ಕೊಂಡವರೇ. ಮೊದಲು ಒಂದು ತಿಂಗಳು ಮನೆಯ ಜಗಲಿಯಲ್ಲಿಯೋ ಮೆಟ್ಟಿಲಿನಲ್ಲಿಯೋ ದಿನಕ್ಕೆ 20 ನಿಮಿಷ ತಪ್ಪದೆ ನಡೆಯಿರಿ. ಅಷ್ಟನ್ನು ನಡೆಸಿದವರು ಯಂತ್ರ ಕೊಂಡರೆ ಹಣ ವ್ಯರ್ಥವಾಗದು.

ಹಾಗಾದರೆ ನಮ್ಮ ತೀರ್ಪೇನು? ಮಂಡಿನೋವುಳ್ಳ ಹಿರಿಯರಿರುವ, ವಿದ್ಯುತ್ತು ಕೈಕೊಡುವ ಮನೆಗಳಿಗೆ ಸೈಕಲ್ ಮೇಲು. ನಡಿಗೆಯನ್ನೇ ಬಯಸುವವರಿಗೆ, ಸ್ಥಳವೂ ಬಲವಾದ ಮೋಟಾರಿಗೆ ಹಣವೂ ಇದ್ದರೆ ಟ್ರೆಡ್‌ಮಿಲ್ ಒಳ್ಳೆಯದು. ಹುಟ್ಟಿನ ಯಂತ್ರವು ಕಲಿತು ಮಾಡುವ ಗಟ್ಟಿ ಶರೀರದವರಿಗೆ. ನಡುಗಿಸುವ ಯಂತ್ರಕ್ಕೆ ನಾವು ಅಂಕ ಕೊಟ್ಟಿಲ್ಲ. ಹೃದ್ರೋಗ, ರಕ್ತದೊತ್ತಡ ಉಳ್ಳವರು ವೈದ್ಯರನ್ನು ಕೇಳಿಯೇ ಆರಂಭಿಸತಕ್ಕದ್ದು. ಎದೆನೋವೋ ತಲೆಸುತ್ತೋ ಬಂದರೆ ಆ ಕ್ಷಣವೇ ನಿಲ್ಲಿಸತಕ್ಕದ್ದು.

ಒಂದು ಎಚ್ಚರಿಕೆಯನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು. 2021ರಲ್ಲಿ ಅಮೆರಿಕದಲ್ಲಿ ಆರು ವರ್ಷದ ಮಗುವೊಂದು ಓಡುತ್ತಿದ್ದ ಟ್ರೆಡ್‌ಮಿಲ್ಲಿನ ಅಡಿಗೆ ಸೆಳೆಯಲ್ಪಟ್ಟು ಮಡಿಯಿತು. ಆ ಮಾದರಿಯ ಸುಮಾರು 1,25,000 ಯಂತ್ರಗಳನ್ನು ಮಾರಾಟಗಾರರು ಹಿಂದಕ್ಕೆ ಕರೆಯಬೇಕಾಯಿತು. ಯಂತ್ರ ಓಡುವಾಗ ಮಕ್ಕಳು ಆ ಕೋಣೆಯಲ್ಲಿರಬಾರದು. ಕೆಲಸ ಮುಗಿದೊಡನೆ ಗೋಡೆಯ ಪ್ಲಗ್ಗನ್ನು ಕಳಚಿ, ಸುರಕ್ಷತೆಯ ಕೀಲಿಯನ್ನು ಎತ್ತಿಡಬೇಕು.

ಕೊನೆಯದಾಗಿ ದಾನಿಗಳ ಪ್ರಶ್ನೆ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಒಂದು ಯಂತ್ರದ ಮೇಲೆ ಒಂದು ಹೊತ್ತಿಗೆ ಒಬ್ಬ ವಿದ್ಯಾರ್ಥಿ ಮಾತ್ರ ನಿಲ್ಲಬಲ್ಲನು. ನಲವತ್ತು ಮಕ್ಕಳ ತರಗತಿಯಲ್ಲಿ ಉಳಿದ ಮೂವತ್ತೊಂಬತ್ತು ಮಂದಿ ನೋಡುತ್ತ ನಿಲ್ಲಬೇಕು. ಹಗ್ಗ ಜಿಗಿದ ಹತ್ತು ನಿಮಿಷಗಳಲ್ಲಿ ಅಧ್ಯಾಪಕರ ನಾಡಿ ಯಾವ ಯಂತ್ರದ ಮೇಲೂ ಏರದಷ್ಟು ಏರಿತ್ತು. ಆದುದರಿಂದ ಆ ಹಣದಿಂದ ಪ್ರತಿ ತರಗತಿಗೂ ಹಗ್ಗಗಳನ್ನು ಕೊಂಡು, ಉಳಿದುದರಿಂದ ಹಿಂಬದಿಯ ಅಂಗಳಕ್ಕೆ ಮಳೆ ತಡೆಯುವ ತಗಡಿನ ಮಾಡು ಹಾಕಿಸಲು ಆರಂಭಿಸಬಹುದೆಂದು ಸಂಘಕ್ಕೆ ಸಲಹೆ ಮಾಡಿದ್ದೇವೆ. ದಾನಿಗಳು ಸಂತೋಷದಿಂದ ಒಪ್ಪಿ ಮರುಪತ್ರ ಬರೆದಿದ್ದಾರೆ. ಮಾಡಿನ ಕೆಲಸಕ್ಕೆ ಆ ಹಣವೊಂದೇ ಸಾಲದು; ಕೂಡುವ ಕೈಗಳು ಈ ಸಭೆಯಲ್ಲಿಯೇ ಇವೆ ಎಂದು ನಂಬಿದ್ದೇವೆ.

ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂದು ಹಿರಿಯರು ಹೇಳಿದ್ದು ಹಣದ ವಿಷಯದಲ್ಲಿ. ಅದು ಆರೋಗ್ಯಕ್ಕೂ ಸಲ್ಲುವ ಮಾತು. ಮುಂದಿನ ಆಟಿಯ ಮಳೆಯಲ್ಲಿ ಆ ಮಾಡಿನ ಕೆಳಗೆ ನಮ್ಮ ಮಕ್ಕಳ ಹಗ್ಗದ ಸಪ್ಪಳವು ಮಳೆಯ ಸಪ್ಪಳವನ್ನು ಮೀರಿ ಕೇಳಲಿ ಎಂದು ಹಾರೈಸುತ್ತೇವೆ.