ಮಳೆಗಾಲದಲ್ಲಿ ಶಾಲೆಗೆ ರಜೆ



2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ಅವಧಿಯಲ್ಲಿ ಕೊಲಾಬಾದಲ್ಲಿ ಸುರಿದದ್ದು 75 ಮಿಲಿಮೀಟರಿಗೂ ಕಡಿಮೆ. ನಗರದ ದಕ್ಷಿಣ ತುದಿಯ ಕಚೇರಿಯಲ್ಲಿದ್ದ ತಂದೆಗೆ ಉಪನಗರದ ಶಾಲೆಯಲ್ಲಿದ್ದ ಮಗುವಿನ ಪಾಡು ಹೇಗೆ ತಿಳಿಯಬೇಕು? ಮಳೆ ಬಿರುಸಾದದ್ದು ಮಧ್ಯಾಹ್ನದ ನಂತರ. ಆ ವೇಳೆಗೆ ಮಕ್ಕಳು ಮನೆಯಿಂದ ಹೊರಟಾಗಿತ್ತು.

ರಜೆಯ ನಿರ್ಧಾರಕ್ಕೆ ಮೊದಲ ಆಧಾರ ಭಾರತ ಹವಾಮಾನ ಇಲಾಖೆಯ ಮುನ್ಸೂಚನೆ. ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಎಚ್ಚರಿಕೆಗಳನ್ನು ಇಲಾಖೆ ನೀಡುತ್ತದೆ. ಆದರೆ ಶಾಲೆಗಳನ್ನು ಮುಚ್ಚುವ ಆದೇಶ ಅದರದಲ್ಲ. ಸಾಮಾನ್ಯವಾಗಿ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಯೂ, ಮುಂಬಯಿಯಲ್ಲಿ ಮಹಾನಗರಪಾಲಿಕೆಯೂ ರಜೆ ಘೋಷಿಸುತ್ತವೆ. ಅಲ್ಲಿ ಸಮುದ್ರದ ಉಬ್ಬರವನ್ನೂ ಗಮನಿಸಬೇಕಾಗುತ್ತದೆ. ಉಬ್ಬರದ ವೇಳೆ ಚರಂಡಿಗಳ ನೀರು ಕಡಲಿಗೆ ಸರಾಗವಾಗಿ ಹರಿಯದು.

ರಾತ್ರಿಯೇ ರಜೆ ಸಾರಿದರೆ ಪಾಲಕರಿಗೆ ಅನುಕೂಲ. ಆದರೆ ಮುನ್ಸೂಚನೆ ಹುಸಿಯಾದರೆ ಒಂದು ದಿನದ ಪಾಠ ನಷ್ಟವಾಯಿತೆಂಬ ಟೀಕೆ ತಪ್ಪದು. ಆ ಟೀಕೆಯನ್ನು ಸಹಿಸಬಹುದು. 2024ರ ಜುಲೈ 8ರಂದು ನಸುಕಿನ 1 ಗಂಟೆಯಿಂದ 7 ಗಂಟೆಯೊಳಗೆ ಮುಂಬಯಿಯ ಕೆಲವೆಡೆ 300 ಮಿಲಿಮೀಟರಿಗೂ ಹೆಚ್ಚು ಮಳೆಯಾದಾಗ, ಪಾಲಿಕೆ ಮೊದಲು ಬೆಳಗಿನ ಪಾಳಿಗೆ ಮಾತ್ರ ರಜೆ ನೀಡಿತು. ಮಧ್ಯಾಹ್ನದ ಪಾಳಿಯ ವಿಚಾರವನ್ನು ಪರಿಸ್ಥಿತಿ ನೋಡಿ ತೀರ್ಮಾನಿಸಿತು.

ನಿಜವಾದ ಕಷ್ಟ ಎದುರಾಗುವುದು ಮಕ್ಕಳು ತರಗತಿಯಲ್ಲಿರುವಾಗ ನೀರು ಏರಿದರೆ. ಆಗ ಅವಸರದಿಂದ ಗಂಟೆ ಬಾರಿಸಿ ಮಕ್ಕಳನ್ನು ಬೀದಿಗೆ ಬಿಡುವುದಕ್ಕಿಂತ, ಕಟ್ಟಡ ಸುರಕ್ಷಿತವಾಗಿದ್ದರೆ ಅಲ್ಲಿಯೇ ಇರಿಸಿಕೊಂಡು, ಪರಿಚಿತ ಹಿರಿಯರ ಕೈಗೊಪ್ಪಿಸುವುದು ಲೇಸು. ಅಂಥ ಸಂಜೆ ಕುಡಿಯುವ ನೀರು, ಬಿಸ್ಕತ್ತು, ದೀಪ ಇವುಗಳ ಬೆಲೆ ಮುಖ್ಯೋಪಾಧ್ಯಾಯರಿಗೆ ತಿಳಿಯುತ್ತದೆ.

ಇಂದು ಸುದ್ದಿ ಮೊಬೈಲಿಗೆ ಕ್ಷಣದಲ್ಲಿ ತಲುಪುತ್ತದೆ. ಸುಳ್ಳು ಸುದ್ದಿಯೂ ಅಷ್ಟೇ ಬೇಗ. ಕಳೆದ ವರ್ಷದ ರಜೆಯ ಆದೇಶವೇ ಮತ್ತೆ ಹರಿದಾಡುವುದುಂಟು. ಆದುದರಿಂದ ದಿನಾಂಕವನ್ನೂ ಹೊರಡಿಸಿದ ಕಚೇರಿಯನ್ನೂ ನೋಡಿಕೊಳ್ಳಬೇಕು. ಸಂಶಯವಿದ್ದರೆ ಶಾಲೆಯನ್ನೇ ವಿಚಾರಿಸಬೇಕು. ಮರಾಠಿ ಓದಲಾಗದ ಕನ್ನಡ ಪಾಲಕರಿಗಾಗಿ ಶಿಕ್ಷಕರು ಕನ್ನಡದಲ್ಲಿಯೂ ಎರಡು ಸಾಲು ಬರೆದು ಕಳುಹಿಸಿದರೆ ಗೊಂದಲ ಕಡಿಮೆಯಾಗುತ್ತದೆ. ಮುಂಬಯಿ ಪಾಲಿಕೆಯ ವಿಪತ್ತು ಸಹಾಯವಾಣಿ 1916. ಬಾಡಿಗೆ ಮನೆಯೊಂದಿಗೆ ದೂರವಾಣಿ ಸಂಖ್ಯೆಯನ್ನೂ ಬದಲಿಸಿದ ಕುಟುಂಬಗಳು ಜೂನ್ ತಿಂಗಳಲ್ಲಿಯೇ ಹೊಸ ಸಂಖ್ಯೆಯನ್ನೂ, ಮಗುವನ್ನು ಕರೆದೊಯ್ಯಬಲ್ಲ ನೆರೆಯವರೊಬ್ಬರ ಹೆಸರನ್ನೂ ಶಾಲೆಯಲ್ಲಿ ಬರೆಯಿಸಿಡಬೇಕು.